ಇಲಿ ಬೆನ್ನ ಮೇಲೆ ನಡೆಯೋದಿಲ್ಲ!

"ಸಕ್ಕರೆ ಕಾಯಿಲೆಯವರ ಗಾಯ ಮಾಯಿಸುವ ಹೊಸ ಜೆಲ್" ಅನ್ನೋ ಸುದ್ದಿ ಆಗಾಗ ಕಣ್ಣಿಗೆ ಬೀಳುತ್ತಿರುತ್ತೆ. ಸಿರಿಂಜಿನಿಂದ ಗಾಯದೊಳಗೆ ಬಿಟ್ಟರೆ ಸಾಕು, ಅಲ್ಲೇ ಗಟ್ಟಿಯಾಗಿ ಕೂತು, ಒಳಗಿರೋ ಔಷಧಿಯನ್ನ ದಿನಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುತ್ತಂತೆ. ಓದಿದವರು ತಕ್ಷಣ ಮನೆಯ ಶುಗರ್ ಪೇಷೆಂಟಿಗೆ ಫಾರ್ವರ್ಡ್ ಮಾಡ್ತಾರೆ. ಈ ಸುದ್ದಿಗಳ ಮೇಲೆ ನನ್ನದೊಂದು ತಕರಾರಿದೆ.

ಜೆಲ್ ಮೇಲಲ್ಲ, ಸುದ್ದಿಯ ಮೇಲೆ. ಜೆಲ್ ನಿಜಕ್ಕೂ ಚೆನ್ನಾಗಿರೋ ವಸ್ತು. ಕಾಮಕಸ್ತೂರಿ ಬೀಜ ನೆನೆಸಿದರೆ ಸುತ್ತ ಲೋಳೆ ಕಟ್ಟುತ್ತಲ್ಲ, ಹೈಡ್ರೋಜೆಲ್ ಅಂದ್ರೆ ಹೆಚ್ಚುಕಡಿಮೆ ಅಂಥದ್ದೇ, ನೀರನ್ನ ಹಿಡಿದಿಟ್ಟುಕೊಂಡ ಬಲೆ. ತುಪ್ಪ ಚಳಿಗೆ ಗಟ್ಟಿಯಾಗುತ್ತೆ, ಬಿಸಿಗೆ ಕರಗುತ್ತೆ. ಪೊಲೊಕ್ಸಮರ್ ಥರದ ಜೆಲ್‌ಗಳದ್ದು ಉಲ್ಟಾ. ತಣ್ಣಗಿದ್ದಾಗ ನೀರು, ಮೈಯ ಕಾವಿಗೆ ಗಟ್ಟಿ. ಗಾಯ ಎಷ್ಟೇ ಅಂಕುಡೊಂಕಾಗಿದ್ದರೂ ಮೂಲೆಮೂಲೆ ತುಂಬುತ್ತೆ, ಒಣಗೋಕೆ ಬಿಡೋದಿಲ್ಲ. ಇದೇ ಉಪಾಯದ ಒಂದು ಕ್ಯಾನ್ಸರ್ ಔಷಧಿಗೆ 2020ರಲ್ಲಿ ಅಮೆರಿಕಾದಲ್ಲಿ ಒಪ್ಪಿಗೆಯೂ ಸಿಕ್ಕಿದೆ. ಮೂತ್ರನಾಳದ ಮೇಲ್ಭಾಗದಲ್ಲಿ ಕೂತು ಕೆಲವು ಗಂಟೆ ಔಷಧಿ ಬಿಡುತ್ತೆ.

ಆದರೆ ಗಾಯದ ಜೆಲ್‌ಗಳನ್ನ ಬಹುಪಾಲು ಪರೀಕ್ಷೆ ಮಾಡೋದು ಇಲಿಗಳ ಮೇಲೆ, ಅದೂ ಬೆನ್ನ ಮೇಲೆ ಮಾಡಿದ ಗಾಯದಲ್ಲಿ. ಇಲಿಯ ಚರ್ಮ ಸಡಿಲ, ಗಾಯ ಸುತ್ತಲಿಂದ ಎಳೆದುಕೊಂಡು ಬೇಗ ಮುಚ್ಚುತ್ತೆ. ನಮಗೆ ಹಾಗಲ್ಲ, ಹೊಸ ಮಾಂಸ ತುಂಬಿ ಬರಬೇಕು. ಅದಕ್ಕಿಂತ ದೊಡ್ಡ ವಿಷಯ... ಇಲಿ ಬೆನ್ನ ಮೇಲೆ ನಡೆಯೋದಿಲ್ಲ! ಶುಗರ್ ಇರೋರ ಗಾಯ ಆಗೋದು ಎಷ್ಟೋ ಸಲ ಅಂಗಾಲಲ್ಲಿ. ನರ ಸತ್ತು ನೋವು ಗೊತ್ತಾಗೋದಿಲ್ಲ, ಕುಂಟೋದೂ ಇಲ್ಲ. ಬೆಳಿಗ್ಗೆ ಪಟ್ಟಿ ಕಟ್ಟಿಸಿಕೊಂಡು ಸಂಜೆ ಅದೇ ಕಾಲಲ್ಲಿ ಮಾರ್ಕೆಟ್ಟಿಗೆ ಹೋಗ್ತಾರೆ.

ಇದನ್ನ ನಮ್ಮ ಪಕ್ಕದಲ್ಲೇ ಕಂಡುಕೊಂಡವರು ಡಾ. ಪಾಲ್ ಬ್ರಾಂಡ್. 1946ರಲ್ಲಿ ವೆಲ್ಲೂರಿಗೆ ಬಂದು ಕುಷ್ಠರೋಗಿಗಳ ಕೈಕಾಲು ನೋಡಿಕೊಂಡರು. ರೋಗದಿಂದ ಮಾಂಸ ತಾನಾಗಿ ಕೊಳೆಯುತ್ತೆ ಅಂತ ಆಗ ನಂಬಿದ್ದರು. ಅಲ್ಲ, ಸ್ಪರ್ಶವಿಲ್ಲದ ಕಾಲು ಒಂದೇ ಜಾಗದಲ್ಲಿ ಸಾವಿರ ಸಲ ಒತ್ತಿ ಒಡೆಯುತ್ತೆ ಅಂತ ಅವರು ತೋರಿಸಿಕೊಟ್ಟರು. ಮುಲಾಮಿಗೆ ಬಗ್ಗದ ಹುಣ್ಣು ಪ್ಲಾಸ್ಟರ್ ಹಾಕಿ ಭಾರ ಹಂಚಿದರೆ ಮಾಯಿತು. ಆಮೇಲೆ ಅಮೆರಿಕಾಗೆ ಹೋಗಿ ಸಕ್ಕರೆ ಕಾಯಿಲೆಯ ಕಾಲಿಗೂ ಇದೇ ಪಾಠ ಹೇಳಿದರು. ರಕ್ತ ಸಂಚಾರ ಸರಿಯಿದ್ದು, ಸೋಂಕು ಇಲ್ಲದ ಅಂಗಾಲ ಹುಣ್ಣಿಗೆ ಬಿಚ್ಚಲಾಗದ ಪ್ಲಾಸ್ಟರಿನಂಥ ಸಾಧನವೇ ಮೊದಲ ಆಯ್ಕೆ ಅಂತ ಇವತ್ತಿಗೂ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತೆ.

ಇನ್ನೊಂದು ಲೆಕ್ಕ ನೋಡಿ. ಬೆಳವಣಿಗೆಯ ಪ್ರೋಟೀನು ಬೆರೆಸಿದ, ಗಾಯದ ಮೇಲೆ ಹಚ್ಚುವ ಜೆಲ್ ಒಂದಕ್ಕೆ ಅಮೆರಿಕಾದಲ್ಲಿ 1997ರಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಮುಖ್ಯ ಪರೀಕ್ಷೆಯಲ್ಲಿ ಪ್ರೋಟೀನಿದ್ದ ಜೆಲ್ ಹಚ್ಚಿದವರಲ್ಲಿ ನೂರಕ್ಕೆ 50 ಜನರ ಹುಣ್ಣು 20 ವಾರದಲ್ಲಿ ಪೂರ್ತಿ ಮುಚ್ಚಿತು. ಬರೀ ಜೆಲ್ ಹಚ್ಚಿ, ಗಾಯ ಶುಚಿ ಮಾಡಿ, ಭಾರ ತಪ್ಪಿಸಿದವರಲ್ಲಿ 35. ಆ 15 ದೊಡ್ಡದೇ, ಇಲ್ಲ ಅನ್ನೋಲ್ಲ. ಆದರೆ 35ರ ಬಗ್ಗೆ ಯಾರೂ ಸುದ್ದಿ ಬರೆಯೋದಿಲ್ಲ!

ನಮ್ಮ ಸೋದರಮಾವ ಹೋದ ವರ್ಷ ಹೆಬ್ಬೆರಳು ಕಳಕೊಂಡರು. ಮುಲಾಮು ಎಷ್ಟು ಥರದ್ದು ಬಂತೋ ಲೆಕ್ಕವಿಲ್ಲ. "ಆ ಕಾಲು ಊರಬೇಡಿ" ಅಂತ ಅವರಿಗೆ ಯಾರೂ ಒತ್ತಿ ಹೇಳಲಿಲ್ಲ. ಹಚ್ಚೋದು ಔಷಧಿ ಅನ್ನಿಸುತ್ತೆ, ಬಿಡೋದು ಅನ್ನಿಸೋದಿಲ್ಲ. ಪಥ್ಯ ಅನ್ನೋ ಒಳ್ಳೆ ಪದ ಇಟ್ಟುಕೊಂಡ ನಾವು ಅದನ್ನ ಬಾಯಿಗೆ ಮಾತ್ರ ಕಟ್ಟಿಬಿಟ್ಟಿದ್ದೇವೆ. ಕಾಲಿಗೂ ಪಥ್ಯ ಬೇಕು ಸ್ವಾಮಿ.

ಜೆಲ್ ಬರಲಿ, ಅಗ್ಗವಾಗಿ ಬರಲಿ. ಅಲ್ಲೀವರೆಗೆ ನಿಮ್ಮನೆಯ ಹಿರಿಯರಿಗೆ ಲಿಂಕ್ ಕಳಿಸೋ ಬದಲು ರಾತ್ರಿ ಒಂದು ನಿಮಿಷ ಅವರ ಅಂಗಾಲು, ಬೆರಳಸಂದು ನೋಡಿ. ಕೆಂಪಾಗಿದ್ದರೆ, ಬೊಬ್ಬೆ ಎದ್ದಿದ್ದರೆ, ಆಣಿ ಕಪ್ಪಗಾಗಿದ್ದರೆ ಮಾರನೇ ದಿನವೇ ಡಾಕ್ಟರ ಹತ್ತಿರ ಕರಕೊಂಡು ಹೋಗಿ. ಮೆತ್ತನೆ ಎಂಸಿಆರ್ ಚಪ್ಪಲಿ ಕೊಡಿಸಿ. ದೇವಸ್ಥಾನದ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಬೇಡ ಅನ್ನಿ. ಬೈಸಿಕೊಳ್ಳಬೇಕಾಗುತ್ತೆ, ಬೈಸಿಕೊಳ್ಳಿ.

ಏನಂತೀರಿ?