ಮರಿಗಿಂತ ಮೊದಲು ತಾಯಿ

ನಾಯಿಯನ್ನು ಬಯಸಿ ಬೇಡಿ ಪಡೆದವನೊಬ್ಬನ ಕಥೆ ಕನ್ನಡ ನಾಡಿನಲ್ಲಿ ಸಾವಿರ ವರ್ಷಗಳಿಂದ ಕಲ್ಲಿನ ಮೇಲೆ ಉಳಿದು ಬಂದಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ. ಶ. 949–50ರ ಕಾಲದ ಶಾಸನವದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡೆಂದನು. ಮಣಲೇರನು ಹೊನ್ನನ್ನು ಕೇಳಲಿಲ್ಲ, ಮಣ್ಣನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಹೆಸರು ಹಿಡಿದು ಕೇಳಿ ಪಡೆದನು. ಮುಂದೆ ಆ ನಾಯಿ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನೆಟ್ಟರು. ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಕಟ್ಟಳೆಯನ್ನೂ ಮಾಡಿದರು. ನಾಯಿಯನ್ನು ಪಡೆಯುವವನು ಅದನ್ನು ಬಲ್ಲವನಾಗಿರಬೇಕು, ಪಡೆದ ಮೇಲೆ ಅದರ ಋಣವನ್ನು ಹೊರಬೇಕು ಎಂಬ ಎರಡು ಮಾತುಗಳು ಈ ಶಾಸನದಲ್ಲಿ ಅಡಗಿವೆ.

ಗೊರವ ಎಂಬ ಮಾತು ಹರಪನಹಳ್ಳಿಯ ಸೀಮೆಗೆ ಇಂದಿಗೂ ಹಳೆಯದಾಗಿಲ್ಲ. ನೆರೆಯ ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವರು ತಮ್ಮನ್ನು ಮೈಲಾರಲಿಂಗನ ನಾಯಿಗಳೆಂದು ಭಾವಿಸಿ ಬೊಗಳುವುದನ್ನು ನೋಡದ ಮನೆಗಳು ಆ ಕಡೆ ಕಡಮೆ. ಕುರಿಯ ಮಂದೆಗಳ ಹಿಂದೆ ನಾಯಿ ಹೋಗುವುದು ಅಲ್ಲಿನ ಹೊಲಗಳಲ್ಲಿ ನಿತ್ಯದ ನೋಟ. ಇಂಥ ಸೀಮೆಗೆ ನಾಯಿಯನ್ನು ಪ್ರೀತಿಸುವುದನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಹೊಸದಾಗಿ ಬಂದಿರುವುದು ನಾಯಿಯ ಮೇಲಿನ ಪ್ರೀತಿಯಲ್ಲ, ಜಾತಿನಾಯಿಯ ಮೇಲಿನ ಆಸೆ. ಅದರಲ್ಲಿಯೂ ಗೋಲ್ಡನ್ ರಿಟ್ರೀವರ್ ಎಂಬ ಹೊಂಬಣ್ಣದ ನಾಯಿಯ ಮೇಲಿನ ಆಸೆ.

ಹರಿಹರದ ಕಡೆಯಿಂದ ಹರಪನಹಳ್ಳಿಗೆ ಹೋಗುವ ದಾರಿಯ ತೆಲಿಗಿಯಲ್ಲಿ ಒಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಬಹುದು. ತಂದೆ ನೌಕರಿಯಲ್ಲಿರುವವನು, ಮಗಳು ಹೈಸ್ಕೂಲಿನಲ್ಲಿ ಓದುವವಳು. ಮೊಬೈಲಿನ ಪರದೆಯ ಮೇಲೆ ಹತ್ತಿಯ ಉಂಡೆಯಂಥ ಮರಿಯೊಂದರ ಚಿತ್ರ ಬಂದಿದೆ. ಮುಂಗಡ ಹಣ ಕಳುಹಿಸಿದರೆ ಎರಡೇ ದಿನದಲ್ಲಿ ಮರಿ ಮನೆಗೆ ಬರುತ್ತದೆಂಬ ಆಶ್ವಾಸನೆಯೂ ಬಂದಿದೆ. ಮಗಳು ಅದನ್ನು ಅಜ್ಜಿಗೆ ತೋರಿಸುತ್ತಾಳೆ.

"ಮರಿ ಚೆಂದ ಐತಿ. ಇದರ ತಾಯಿ ಎಲ್ಲೈತಪ್ಪಾ?" ಎಂದು ಅಜ್ಜಿ ಮಗನನ್ನು ಕೇಳುತ್ತಾಳೆ.

"ಗೊತ್ತಿಲ್ಲ ಅವ್ವಾ. ಮರಿ ಮಾತ್ರ ಬಸ್ಸಿಗೆ ಹಾಕಿ ಕಳಿಸ್ತಾರಂತೆ."

"ಎಮ್ಮಿ ಕರ ತರಬೇಕಾದ್ರೂ ತಾಯಿ ನೋಡಿ ತರ್ತೀವಿ. ಇದನ್ನ ಬರೀ ಮುಖ ನೋಡಿ ತರ್ತೀಯೇನು?"

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯನ್ನು ನಾಯಿಯ ವ್ಯಾಪಾರದಲ್ಲಿ ನೆನೆಯುವವರು ವಿರಳ. ಆದರೆ ಪಶುವೈದ್ಯಶಾಸ್ತ್ರವು ಇಂದು ಹೇಳುವ ಮಾತು ಅಜ್ಜಿಯ ಮಾತಿಗಿಂತ ಬೇರೆಯಲ್ಲ. ಮರಿಯ ಮೈಕಟ್ಟು, ಸ್ವಭಾವ, ರೋಗ ಇವುಗಳ ಬಹುಭಾಗ ತಾಯಿತಂದೆಗಳಿಂದ ಬರುತ್ತದೆ. ತಾಯಿ ಅಂಜುಬುರುಕಿಯಾಗಿದ್ದರೆ ಮರಿಯೂ ಅಂಜುವುದುಂಟು. ತಾಯಿಯ ಸೊಂಟದ ಕೀಲು ಸಡಿಲವಾಗಿದ್ದರೆ ಮರಿಯೂ ಮುಂದೆ ಕುಂಟುವುದುಂಟು. ಇದಕ್ಕಿಂತ ದೊಡ್ಡದಾದ ಇನ್ನೊಂದು ಕಾರಣವಿದೆ. ಮರಿಯನ್ನು ಕೊಂಡವನ ಹಣವು ಮರಿಗೆ ಸಲ್ಲುವುದಿಲ್ಲ. ಅದರ ತಾಯಿಯನ್ನು ಸಾಕುವವನಿಗೆ ಸಲ್ಲುತ್ತದೆ. ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ; ಸುಮಾರು 63 ದಿನಗಳಲ್ಲಿ ಈಯುತ್ತದೆ. ಲೋಭಿಯ ಕೈಗೆ ಸಿಕ್ಕಿದ ತಾಯಿ ಕತ್ತಲೆಯ ಕೋಣೆಯ ಪಂಜರದಲ್ಲಿ ಈದು, ಮರಿಗಳನ್ನು ಕಳೆದುಕೊಂಡು, ಮೈ ತುಂಬುವ ಮೊದಲೇ ಮತ್ತೆ ಗಬ್ಬವಾಗುತ್ತದೆ. ಚಿತ್ರದಲ್ಲಿ ಮರಿಯೊಂದೇ ಕಾಣುವುದು ಈ ಕಾರಣಕ್ಕಾಗಿಯೇ. ನೋಡದೆ ಕೊಂಡವನು ಮೋಸಹೋಗುವುದು ಮಾತ್ರವಲ್ಲ, ಆ ಪಂಜರಕ್ಕೆ ಬಾಡಿಗೆ ಕಟ್ಟಿದವನೂ ಆಗುತ್ತಾನೆ.

ಇದನ್ನು ತಡೆಯಲು ಕಾನೂನು ಇಲ್ಲದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ಭಾರತ ಸರ್ಕಾರವು 2017ರಲ್ಲಿ ನಾಯಿಗಳ ತಳಿ ಸಾಕಣೆ ಮತ್ತು ಮಾರಾಟದ ನಿಯಮಗಳನ್ನು ಹೊರಡಿಸಿತು. ಅದರಂತೆ ಮಾರಾಟಕ್ಕಾಗಿ ಮರಿ ಹಾಕಿಸುವವನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಹದಿನೆಂಟು ತಿಂಗಳು ತುಂಬದ ಹೆಣ್ಣನ್ನು ಸಂತಾನಕ್ಕೆ ಬಿಡುವಂತಿಲ್ಲ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು. ಜೀವಮಾನದಲ್ಲಿ ಐದನ್ನು ಮೀರಕೂಡದು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವಾಗ ರಸೀದಿ ಕೊಡಬೇಕು. ಹಾಕಿಸಿದ ಲಸಿಕೆಗಳ ವಿವರವನ್ನು ಬರೆದುಕೊಡಬೇಕು. ಇವಿಷ್ಟನ್ನೂ ಕೇಳುವ ಅಧಿಕಾರ ಕೊಳ್ಳುವವನಿಗಿದೆ. ಕೇಳಿದೊಡನೆ ಮುಖ ಗಂಟಿಕ್ಕುವ ಮಾರಾಟಗಾರನಿಂದ ದೂರ ಸರಿಯುವುದು ಲೇಸು. ಒಳ್ಳೆಯ ಸಾಕಣೆಗಾರನ ಲಕ್ಷಣ ಬೇರೆ: ಅವನು ತಾಯಿಯನ್ನು ತೋರಿಸುತ್ತಾನೆ, ಅದು ಮಲಗುವ ಜಾಗವನ್ನು ತೋರಿಸುತ್ತಾನೆ, ಕೊಳ್ಳಲು ಬಂದವನನ್ನೇ ಹತ್ತು ಪ್ರಶ್ನೆ ಕೇಳುತ್ತಾನೆ, ಸಾಕಲಾಗದಿದ್ದರೆ ಮರಿಯನ್ನು ಬೀದಿಗೆ ಬಿಡದೆ ತನಗೇ ಮರಳಿಸಬೇಕೆಂದು ಮಾತು ಪಡೆಯುತ್ತಾನೆ.

ಕಾಗದಪತ್ರಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆನೆಲ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರವು ಮರಿಯ ವಂಶಾವಳಿಯನ್ನು ಹೇಳುತ್ತದೆಯೇ ಹೊರತು ಅದರ ಆರೋಗ್ಯವನ್ನಲ್ಲ. ಆರೋಗ್ಯಕ್ಕೆ ಸಾಕ್ಷಿ ಬೇಕಾದರೆ ತಾಯಿತಂದೆಗಳ ಸೊಂಟದ ಎಕ್ಸ್‌ರೇ ತೆಗೆಸಿದ್ದಾರೆಯೆ, ಕಣ್ಣು ಹೃದಯಗಳನ್ನು ಪರೀಕ್ಷಿಸಿದ್ದಾರೆಯೆ ಎಂದು ಕೇಳಬೇಕು. ಈ ತಳಿಗೆ ಕೀಲಿನ ರೋಗದಂತೆ ಅರ್ಬುದ ರೋಗವೂ ಹೆಚ್ಚಾಗಿ ಅಂಟಿಕೊಂಡಿದೆ. ಅಮೆರಿಕದಲ್ಲಿ 2012ರಿಂದ ಮೂರು ಸಾವಿರಕ್ಕೂ ಹೆಚ್ಚು ಗೋಲ್ಡನ್ ರಿಟ್ರೀವರುಗಳನ್ನು ಜೀವನಪರ್ಯಂತ ಪರೀಕ್ಷಿಸುವ ಅಧ್ಯಯನವೊಂದು ನಡೆದು ಬಂದಿರುವುದು ಇದೇ ಚಿಂತೆಯಿಂದ. ಇನ್ನು ಎಳೆಯ ಮರಿಯ ಪರಮಶತ್ರುವೆಂದರೆ ಪಾರ್ವೋ ಎಂಬ ವೈರಾಣು. ಸೋಂಕು ತಗಲಿದ ಮೇಲೆ ಕೆಲವು ದಿನ ಮರಿ ಆಡಿಕೊಂಡೇ ಇರುತ್ತದೆ. ಆಮೇಲೆ ವಾಂತಿ, ರಕ್ತಭೇದಿ. ಕೊಂಡ ವಾರದಲ್ಲಿಯೇ ಸತ್ತ ಮರಿಗಾಗಿ ಮಕ್ಕಳು ಅತ್ತ ಮನೆಗಳು ಎಷ್ಟೋ. ಆರರಿಂದ ಎಂಟು ವಾರದ ಪ್ರಾಯದಲ್ಲಿ ಮೊದಲ ಲಸಿಕೆ, ಮೂರು ನಾಲ್ಕು ವಾರಗಳಿಗೊಮ್ಮೆ ಮುಂದಿನವು, ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ ಎಂಬ ಕ್ರಮವನ್ನು ಮನೆಯ ಪಂಚಾಂಗದ ಮೇಲೆ ಗುರುತು ಹಾಕಿಡಬೇಕು. ತಂದ ಮೊದಲ ದಿನವೇ ಹರಪನಹಳ್ಳಿಯ ಪಶುವೈದ್ಯರಿಗೆ ಮರಿಯನ್ನು ತೋರಿಸುವುದು ವಿವೇಕ.

ಇಷ್ಟೆಲ್ಲ ನೋಡಿದ ಮೇಲೆಯೂ ಒಂದು ಪ್ರಶ್ನೆ ಉಳಿಯುತ್ತದೆ: ಈ ನಾಯಿ ತೆಲಿಗಿಗೆ ಒಗ್ಗುವುದೆ? ಇದು ಹುಟ್ಟಿದ್ದು ಸ್ಕಾಟ್ಲೆಂಡಿನ ಚಳಿಯ ಬೆಟ್ಟಗಳಲ್ಲಿ. ಮುಂದೆ ಲಾರ್ಡ್ ಟ್ವೀಡ್‌ಮೌತ್ ಎನಿಸಿಕೊಂಡ ಶ್ರೀಮಂತನು 1868ರಲ್ಲಿ ನೂಸ್ ಎಂಬ ಹಳದಿ ಗಂಡಿಗೂ ಬೆಲ್ ಎಂಬ ವಾಟರ್ ಸ್ಪ್ಯಾನಿಯಲ್ ಜಾತಿಯ ಹೆಣ್ಣಿಗೂ ಮರಿ ಹಾಕಿಸಿದನು. ಆ ಮರಿಗಳಿಂದ ಈ ತಳಿ ಬೆಳೆಯಿತು. ಗುಂಡಿಗೆ ಬಿದ್ದ ಹಕ್ಕಿಯನ್ನು ತಣ್ಣನೆಯ ನೀರಿಗಿಳಿದು, ಹಲ್ಲು ನಾಟದಂತೆ ಕಚ್ಚಿ ತಂದು ಒಡೆಯನಿಗೆ ಒಪ್ಪಿಸುವುದು ಇದರ ಕಸಬು. ಮನುಷ್ಯನ ಮಾತಿಗೆ ಕಾದಿರುವ ಅದರ ಸೌಮ್ಯ ಗುಣವೂ, ಮೈಮೇಲಿನ ಎರಡು ಪದರದ ಕೂದಲೂ ಆ ಕಸಬಿಗಾಗಿಯೇ ಬಂದವು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ಬಯಲುಸೀಮೆಯಲ್ಲಿ ಆ ಕೂದಲು ಅದಕ್ಕೆ ಕಂಬಳಿಯಾಗುತ್ತದೆ. ನಾಯಿ ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟೇ ಮೈಯನ್ನು ತಂಪುಮಾಡಿಕೊಳ್ಳಬೇಕು. ಕೂದಲನ್ನು ಬೋಳಿಸಿದರೆ ಸರಿಹೋಗುವುದೆಂಬುದೂ ತಪ್ಪು. ಬಿಸಿಲು ನೇರವಾಗಿ ಚರ್ಮವನ್ನು ಸುಡುತ್ತದೆ.

ಆದುದರಿಂದ ತಗಡಿನ ಮಾಡಿನ ಕೆಳಗೆ, ಅಂಗಳದ ಕಂಬಕ್ಕೆ ಕಟ್ಟಿಹಾಕುವ ಮನೆಗೆ ಈ ನಾಯಿ ಸಲ್ಲದು. ಹಳೆಯ ಮಾಳಿಗೆ ಮನೆಯ ತಂಪಾದ ನಡುಮನೆಯಲ್ಲಿ ಅದಕ್ಕೆ ಜಾಗ ಕೊಡುವವರು, ಮುಂಜಾನೆ ಹೊತ್ತು ಮೂಡುವ ಮೊದಲು ಮತ್ತು ಸಂಜೆ ನೆಲ ಆರಿದ ಮೇಲೆ ಅದನ್ನು ತಿರುಗಾಡಿಸುವವರು, ದಿನವೂ ಕೂದಲು ಬಾಚಿ ಉಣ್ಣಿ ಹುಡುಕುವವರು ಇದ್ದರೆ ಮಾತು ಬೇರೆ. ಬೆಳೆದ ಗಂಡು 30 ಕಿಲೋಗ್ರಾಮಿಗೂ ಮೀರಿ ತೂಗುತ್ತದೆ. ರೊಟ್ಟಿ ಹಾಲು ಮಾತ್ರ ಅದಕ್ಕೆ ಸಾಲದು. ಮಾಂಸ ಮೊಟ್ಟೆಗಳು ಹೊಸ್ತಿಲು ದಾಟದ ಮನೆಯವರು ಅದರ ಆಹಾರದ ಏರ್ಪಾಡನ್ನು ವೈದ್ಯರೊಡನೆ ಮೊದಲೇ ಮಾತಾಡಿ ನಿಶ್ಚಯಿಸಬೇಕು. ಅದರ ಆಯುಸ್ಸು ಸುಮಾರು ಹತ್ತು ಹನ್ನೆರಡು ವರ್ಷ. ಇಂದು ಹಟ ಹಿಡಿದ ಹೈಸ್ಕೂಲಿನ ಹುಡುಗಿ ಓದಲೆಂದು ದಾವಣಗೆರೆಗೆ ಹೋಗುವಳು, ಮುಂದೆ ಮದುವೆಯಾಗಿ ಹೋಗುವಳು. ನಾಯಿಯ ಮುಪ್ಪಿನ ಕಾಲಕ್ಕೆ ಮನೆಯಲ್ಲಿ ಉಳಿಯುವವರು ಯಾರೆಂಬುದನ್ನು ಹಿರಿಯರು ಈಗಲೇ ಎಣಿಸಬೇಕು.

ಎಣಿಸದೆ ತಂದವರ ನಾಯಿಗಳು ಎಲ್ಲಿಗೆ ಹೋಗುತ್ತವೆಂಬುದಕ್ಕೆ ದೊಡ್ಡ ಊರುಗಳು ಉತ್ತರ ಹೇಳುತ್ತವೆ. ವರ್ಗವಾಯಿತು, ಮನೆ ಚಿಕ್ಕದಾಯಿತು, ಕೂದಲು ಉದುರುತ್ತದೆ, ಮಗು ಹುಟ್ಟಿತು ಎಂಬ ನೆಪಗಳಲ್ಲಿ ಬಿಟ್ಟುಹೋದ ಜಾತಿನಾಯಿಗಳಿಗೆ ಬೇರೆ ಮನೆ ಹುಡುಕುವುದೇ ಒಂದು ಕೆಲಸವಾಗಿದೆ. ಬೆಂಗಳೂರಿನಲ್ಲಿ 1991ರಲ್ಲಿ ಆರಂಭವಾದ ಕ್ಯೂಪಾ ಎಂಬ ಪ್ರಾಣಿದಯಾ ಸಂಸ್ಥೆಯು ಈ ಕೆಲಸವನ್ನು ಮಾಡುತ್ತ ಬಂದಿದೆ. ಹೊಂಬಣ್ಣದ ನಾಯಿಯೇ ಬೇಕೆನ್ನುವವರು ಕೊಳ್ಳುವ ಮೊದಲು ಇಂಥಲ್ಲಿ ವಿಚಾರಿಸುವುದು ಉಚಿತ. ಅಲ್ಲಿ ಹಣದ ಮಾತಿಗಿಂತ ಪ್ರಶ್ನೆಗಳು ಹೆಚ್ಚು: ಮನೆ ಸ್ವಂತದ್ದೆ, ಹಗಲು ಯಾರಿರುತ್ತಾರೆ, ವೈದ್ಯರು ಎಷ್ಟು ದೂರ ಎಂದು ಕೇಳುತ್ತಾರೆ, ತೃಪ್ತಿಯಾಗದಿದ್ದರೆ ಇಲ್ಲವೆನ್ನುವುದೂ ಉಂಟು. ಅದನ್ನು ಅವಮಾನವೆಂದು ತಿಳಿಯಬಾರದು. ಒಮ್ಮೆ ಮನೆ ಕಳೆದುಕೊಂಡ ಪ್ರಾಣಿಗೆ ಎರಡನೆಯ ಸಲ ಹಾಗಾಗದಿರಲೆಂಬ ಕಾಳಜಿ ಅದು. ಮೂರು ನಾಲ್ಕು ವರ್ಷದ ನಾಯಿಯಲ್ಲಿ ಒಂದು ಅನುಕೂಲವೂ ಇದೆ. ಚಪ್ಪಲಿ ಕಡಿಯುವ ಕಾಲ ಕಳೆದಿರುತ್ತದೆ, ಸ್ವಭಾವ ರೂಪುಗೊಂಡಿರುತ್ತದೆ, ಮಕ್ಕಳೊಡನೆ ಹೇಗೆ ನಡೆದುಕೊಳ್ಳುತ್ತದೆಂಬುದನ್ನು ಕಣ್ಣಾರೆ ನೋಡಿಯೇ ತರಬಹುದು. ಮಣಲೇರನು ಕಾಳಿಯನ್ನು ಬೇಡಿದ್ದೂ ಹೀಗೆಯೇ ಅಲ್ಲವೆ?

ಬಿಸಿಲಿನ ನಾಡಿಗೆ ಬಿಸಿಲಿನ ನಾಯಿಯೇ ಇರಲಿ ಎನ್ನುವವರಿಗೂ ದಾರಿಯುಂಟು. ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ ಗಿಡ್ಡ ಕೂದಲಿನದು, ಉತ್ತರದ ಬಿಸಿಲಿನಲ್ಲಿಯೇ ಬೆಳೆದದ್ದು. 2005ರಲ್ಲಿ ಅದರ ಚಿತ್ರ ಅಂಚೆಚೀಟಿಯ ಮೇಲೆ ಬಂದಿತು. ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವು ಆ ತಳಿಯ ಶುದ್ಧಿಯನ್ನು ಕಾಯುತ್ತದೆ. ಆದರೆ ಅದು ಓಡುವ ಬೇಟೆನಾಯಿ. ಬಯಲು ಬೇಡುತ್ತದೆ, ಹೊಸಬರ ಮುದ್ದನ್ನು ಬೇಡುವುದಿಲ್ಲ. ಮುದ್ದು ಬೇಕಾದವರಿಗೆ ಊರ ಬೀದಿಯಲ್ಲಿ ಹುಟ್ಟಿದ ಮರಿಯೂ ಕಡಮೆಯದಲ್ಲ. ಲಸಿಕೆ ಹಾಕಿಸಿ, ಪ್ರಾಯಕ್ಕೆ ಬಂದಾಗ ಸಂತಾನಹರಣ ಮಾಡಿಸಿ ಸಾಕಿದರೆ, ತೆಲಿಗಿಯ ಬೇಸಿಗೆಯನ್ನು ಅದು ತೆಲಿಗಿಯವರಷ್ಟೇ ಸಹಜವಾಗಿ ಕಳೆಯುತ್ತದೆ. ಅದರ ತಾಯಿ ಎಲ್ಲಿದೆಯೆಂಬ ಅಜ್ಜಿಯ ಪ್ರಶ್ನೆಗೂ ಅಲ್ಲಿ ಉತ್ತರ ಸುಲಭ. ಎದುರಿನ ಕಟ್ಟೆಯ ಕೆಳಗೆ ಮಲಗಿರುತ್ತದೆ.

ಯಾವ ನಾಯಿಯಾದರೂ ಸರಿ, ಅವಸರ ಕೂಡದು. ಒಳ್ಳೆಯ ಸಾಕಣೆಗಾರನ ಮನೆಯಲ್ಲಿ ಮುಂದಿನ ಸೂಲಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಆಶ್ರಯಧಾಮದಲ್ಲಿ ಮನೆಗೆ ಹೊಂದುವ ನಾಯಿ ಬರುವವರೆಗೆ ಕಾಯಬೇಕಾಗಬಹುದು. ಆ ತಿಂಗಳುಗಳಲ್ಲಿ ಮನೆಯವರೆಲ್ಲ ದಿನವೂ ಬೆಳಗ್ಗೆ ಐದೂವರೆಗೆ ಎದ್ದು ಒಂದು ಮೈಲಿ ನಡೆದು ಬರಲಿ. ಮೂರು ತಿಂಗಳು ಆ ನಡೆ ತಪ್ಪದಿದ್ದರೆ ನಾಯಿಯನ್ನು ಧಾರಾಳವಾಗಿ ತರಬಹುದು. ಹದಿನೈದು ದಿನಕ್ಕೇ ನಿಂತುಹೋದರೆ ಒಂದು ಮೂಕಜೀವ ಪಾರಾಯಿತೆಂದು ತಿಳಿಯಬೇಕು.