ರಿಟ್ರೀಟ್ ಕಟ್ಟುವ ಮೊದಲು ಒಂದು ವರ್ಷ ಅಲ್ಲಿದ್ದು ನೋಡ್ರಿ

ಪುಣೆಯಲ್ಲಿ ನಮ್ಮ ಕಡೆಯ ಬ್ಯಾಂಕಿನವರು ನಾಲ್ಕು ಮಂದಿ ಸೇರಿದರೆ ಮಾತು ಮಕ್ಕಳ ಮದುವೆ, ಬಿ.ಪಿ., ಶುಗರ್ ಎಲ್ಲ ದಾಟಿ ಈಗೀಗ ಒಂದು ಹೊಸ ವಿಷಯಕ್ಕೆ ಬಂದು ನಿಲ್ಲುತ್ತದೆ. ಅದೇ ರಿಟ್ರೀಟ್! ರಿಟೈರ್ ಆದ ಮೇಲೆ ಊರ ಕಡೆ ಒಂದೆರಡು ಎಕರೆ, ಮಣ್ಣಿನ ಗೋಡೆಯ ಐದಾರು ಕೋಣೆ, ಬೆಳಿಗ್ಗೆ ಯೋಗ, ಮಧ್ಯಾಹ್ನ ಜೋಳದ ರೊಟ್ಟಿ, ಸಂಜೆ ಭಜನೆ. ನಗರದವರು ಬಂದು ನಾಲ್ಕು ದಿನ ಇದ್ದು ಹಗುರಾಗಿ ಹೋಗಬೇಕು. ನಾವು ಆರಾಮಾಗಿ ಕುಳಿತು ಕಥೆ ಬರೆಯಬೇಕು, ಚಿತ್ರ ಬಿಡಿಸಬೇಕು. ಕೇಳಲಿಕ್ಕೆ ಎಷ್ಟು ಚಂದ, ಅಲ್ವಾ?

ಬೇರೆಯವರ ಮಾತು ಯಾಕೆ, ನಮ್ಮ ಮನೆಯಲ್ಲೂ ಎರಡು ವರ್ಷದಿಂದ ಇದೇ ಚರ್ಚೆ. ಇಂಡಿ ತಾಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ನಿಂಬೆ ತೋಟ ಇದೆ. ತಮ್ಮ ನೋಡಿಕೊಳ್ಳುತ್ತಾನೆ. ನನಗೆ ಇನ್ನು ಮೂರು ವರ್ಷ ಸರ್ವಿಸ್. "ಅಲ್ಲೇ ಆರು ಕೋಣೆ ಕಟ್ಟಸೋಣ್ರೀ, ನಾನೂ ಮತ್ತ ಕಸೂತಿ ಹಿಡೀತೀನಿ" ಅಂತ ನನ್ನ ಹೆಂಡತಿ. ತಮ್ಮನಿಗೆ ಫೋನ್ ಮಾಡಿ ಹೇಳಿದರೆ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಮಾತು ಕೇಳಿದ: "ಅಣ್ಣಾ, ಬಂದ ಮಂದಿಗಿ ಆರಾಮಾಗತೈತಿ ಖರೆ. ನಾ ಎಲ್ಲಿ ಹೋಗಲಿ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಹುಡುಕಲಿಕ್ಕೆ ದೂರ ಹೋಗಬೇಕಾಗಿಲ್ಲ. ಸೋಲಾಪುರ ರಸ್ತೆ ಹಿಡಿದು ಊರಿಗೆ ಹೋಗುವ ನಾವೆಲ್ಲ ಪ್ರತಿ ಸಲ ಅದರ ಪಕ್ಕದಲ್ಲೇ ಹಾಯ್ದು ಹೋಗುತ್ತೇವೆ. ಪುಣೆಯಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ಉರುಳಿ ಕಾಂಚನ. ಅಲ್ಲಿರುವ ನಿಸರ್ಗೋಪಚಾರ ಆಶ್ರಮ 1946ರಲ್ಲಿ ಗಾಂಧೀಜಿ ಶುರು ಮಾಡಿದ್ದು.

ಅದರ ಹಿಂದಿನ ಕಥೆ ನಮ್ಮಂಥವರು ಕೇಳಲೇಬೇಕಾದದ್ದು. ಗಾಂಧೀಜಿ ಮೊದಲು ಯೋಚಿಸಿದ್ದು ಪುಣೆ ನಗರದಲ್ಲೇ. ಇಲ್ಲಿ ಡಾ. ದಿನಶಾ ಮೆಹತಾ ಅವರ ಪ್ರಕೃತಿ ಚಿಕಿತ್ಸಾ ಕೇಂದ್ರ ಇತ್ತು. (ಅದೇ ಜಾಗದಲ್ಲಿ ಇವತ್ತು ಕೇಂದ್ರ ಸರ್ಕಾರದ ರಾಷ್ಟ್ರೀಯ ಪ್ರಕೃತಿ ಚಿಕಿತ್ಸಾ ಸಂಸ್ಥೆ ಇದೆ, ಸ್ಟೇಷನ್ನಿಗೆ ಹತ್ತಿರ.) 1945ರಲ್ಲಿ ಒಂದು ಟ್ರಸ್ಟ್ ಕೂಡ ಆಯಿತು. ಆದರೆ ಹಳ್ಳಿಯ ಬಡವ ಕಾಯಿಲೆ ಹೊತ್ತುಕೊಂಡು ನಗರಕ್ಕೆ ಬರುವುದಿಲ್ಲ, ಚಿಕಿತ್ಸೆಯೇ ಅವನಿದ್ದಲ್ಲಿಗೆ ಹೋಗಬೇಕು ಅಂತ ಅವರಿಗೆ ಹೊಳೆಯಿತು. 1946ರ ಮಾರ್ಚ್‌ನಲ್ಲಿ ಉರುಳಿಗೆ ಹೋದರು. ಮಣ್ಣು, ನೀರು, ಬಿಸಿಲು, ಪಥ್ಯ, ರಾಮನಾಮ... ಹಳ್ಳಿಯಲ್ಲಿ ಪುಕ್ಕಟೆ ಸಿಗುವ ವಸ್ತುಗಳಿಂದಲೇ ಉಪಚಾರ. ನೂರಾರು ರೋಗಿಗಳು ಬಂದರು.

ಗಾಂಧೀಜಿ ಆಗ ಅಲ್ಲಿದ್ದದ್ದು ಹೆಚ್ಚು ಕಡಿಮೆ ಒಂದು ವಾರ ಅಷ್ಟೇ! ಅಲ್ಲಿ ಉಳಿದವರು ಮಣಿಭಾಯಿ ದೇಸಾಯಿ ಅನ್ನುವ, ಆಗಿನ್ನೂ ಇಪ್ಪತ್ತರ ಹರೆಯದ ಗುಜರಾತಿ ಯುವಕ. 1993ರಲ್ಲಿ ತೀರಿಕೊಳ್ಳುವವರೆಗೂ ಉರುಳಿಯೇ ಅವರ ಊರಾಯಿತು. ಆಶ್ರಮ ನೋಡಿಕೊಳ್ಳುತ್ತ ಅವರು ಸುಮ್ಮನೆ ಕೂಡಲಿಲ್ಲ. ಊರಿಗೆ ಶಾಲೆ ಬೇಕಿತ್ತು, ಶಾಲೆ ಮಾಡಿದರು. ಗೀರ್ ಆಕಳು ಸಾಕಿ ತಳಿ ಸುಧಾರಿಸಿದರು. 1967ರಲ್ಲಿ ಬೈಫ್ ಸಂಸ್ಥೆ ಕಟ್ಟಿದರು. 1982ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆಶ್ರಮ ಇವತ್ತೂ ನಡೆದಿದೆ. ಒಂದು ವಾರದ ಸ್ಫೂರ್ತಿಗೆ ನಲವತ್ತೇಳು ವರ್ಷದ ದುಡಿಮೆ ಬೇಕಾಯಿತು ನೋಡಿ.

ಇನ್ನು ಸೃಜನಶೀಲತೆಯ ವಿಷಯ. "ಹಳ್ಳಿಗೆ ಹೋದರೆ ಶಾಂತಿ ಸಿಗುತ್ತೆ, ಆಗ ಬರೀತೀನಿ" ಅನ್ನುವವರು ನಮ್ಮ ಹೆಗ್ಗೋಡನ್ನು ನೋಡಬೇಕು. ಸಾಗರ ತಾಲೂಕಿನ ಆ ಸಣ್ಣ ಹಳ್ಳಿಯಲ್ಲಿ 1949ರಲ್ಲಿ ನೀನಾಸಂ ಹುಟ್ಟಿತು. ಕೆ.ವಿ. ಸುಬ್ಬಣ್ಣ ಅಡಿಕೆ ತೋಟ ಮಾಡಿಕೊಂಡೇ ನಾಟಕ ಆಡಿಸಿದರು, ಪುಸ್ತಕ ಪ್ರಕಟಿಸಿದರು, 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದರು. ಅವರಿಗೂ 1991ರಲ್ಲಿ ಮ್ಯಾಗ್ಸೆಸೆ ಬಂತು. ಊರವರೇ ಪಾತ್ರ ಮಾಡಿದರು, ಊರವರೇ ನೋಡಿದರು. ಆಮೇಲೆ ನಗರದವರು ಹುಡುಕಿಕೊಂಡು ಬಂದರು. ಉರುಳಿ ಇರಲಿ, ಹೆಗ್ಗೋಡು ಇರಲಿ, ಹೊರಗಿನವರು ಬಂದದ್ದು ಆಮೇಲೆ. ಮೊದಲು ಆ ಊರಿಗೆ ಅದರಿಂದ ಉಪಯೋಗವಾಯಿತು. ನನ್ನ ಪ್ರಕಾರ ಗುಟ್ಟು ಇರುವುದೇ ಇಲ್ಲಿ.

ನಾವು ಬ್ಯಾಂಕಿನವರು, ಲೆಕ್ಕ ಹಾಕದೆ ಬಿಡುತ್ತೇವೆಯೇ? ಉದಾಹರಣೆಗೆ ಒಂದು ಲೆಕ್ಕ ನೋಡಿ. ಆರು ಕೋಣೆ, ಕೊಳವೆ ಬಾವಿ, ಅಡುಗೆಮನೆ ಎಲ್ಲ ಸೇರಿ 60 ಲಕ್ಷ ಹಾಕಿದಿರಿ ಅನ್ನಿ. ಆ ದುಡ್ಡು ಎಫ್.ಡಿ.ಯಲ್ಲಿದ್ದರೆ, ಶೇಕಡಾ 7ರಂತೆ ಹಿಡಿದರೂ ತಿಂಗಳಿಗೆ 35,000 ಬಡ್ಡಿ. ಅಡುಗೆಯವರು, ಸ್ವಚ್ಛತೆಗೆ ಇಬ್ಬರು, ಒಬ್ಬ ವಾಚ್‌ಮನ್. ತಲಾ 15,000 ಅಂದರೆ 60,000. ಜನ ಬರುವುದು ಶನಿವಾರ, ಭಾನುವಾರ. ತಿಂಗಳಿಗೆ ಎಂಟು ದಿನ ಆರೂ ಕೋಣೆ ತುಂಬಿದವು, ದಿನಕ್ಕೆ 2,000 ಬಾಡಿಗೆ ಅಂದುಕೊಂಡರೆ ಬರುವುದು 96,000. ಉಳಿದದ್ದು ಒಂದು ಸಾವಿರ! ಊಟದ ಸಾಮಾನು, ಕರೆಂಟು, ಸುಣ್ಣಬಣ್ಣ ಇನ್ನೂ ಲೆಕ್ಕಕ್ಕೆ ಬಂದೇ ಇಲ್ಲ. ಇಂಥ ಪ್ರಾಜೆಕ್ಟ್ ರಿಪೋರ್ಟ್ ತಂದು ಯಾರಾದರೂ ನನ್ನ ಟೇಬಲ್ ಮೇಲೆ ಇಟ್ಟರೆ ನಾನು ಸಾಲ ಕೊಡುತ್ತಿರಲಿಲ್ಲ. ಹಾಗಿದ್ದ ಮೇಲೆ ಪಿ.ಎಫ್. ಮತ್ತು ಪೆನ್ಷನ್ ಕಮ್ಯೂಟ್ ಮಾಡಿದ ದುಡ್ಡನ್ನು ನಾನೇ ಹೇಗೆ ಸುರಿಯಲಿ?

2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಹಾಗಾಗಿ ಏಜೆಂಟರ ಫೋನು ನಿಮಗೂ ಬರುತ್ತಿರಬಹುದು. ಹೊಲ ಸಿಕ್ಕ ಮಾತ್ರಕ್ಕೆ ಅಲ್ಲಿ ಲಾಡ್ಜ್ ಕಟ್ಟಬಹುದು ಅಂತ ಅರ್ಥ ಅಲ್ಲ, ಭೂಪರಿವರ್ತನೆಯ ಕಟ್ಟಳೆ ಬೇರೆ ಇರುತ್ತದೆ. ಇನ್ನೊಂದು ಮಾತು. 'ಹೀಲಿಂಗ್' ಅಂತ ಬೋರ್ಡ್ ಹಾಕುವುದು ಸುಲಭ. ಪ್ರಕೃತಿ ಚಿಕಿತ್ಸೆಗೆ ಐದೂವರೆ ವರ್ಷದ ಬಿ.ಎನ್.ವೈ.ಎಸ್. ಪದವಿ ಇದೆ. ಬಂದವರಿಗೆ ನಾವು ನೆರಳು, ಊಟ, ನಿದ್ದೆ ಕೊಡಬಹುದು. ಶುಗರ್ ಮಾತ್ರೆ ಬಿಡಿ, ಇನ್ಸುಲಿನ್ ನಿಲ್ಲಿಸಿ ಅಂತ ಹೇಳುವ ಹಕ್ಕು ನಮಗಿಲ್ಲ. ಅದು ಜೀವದ ಪ್ರಶ್ನೆ.

ಹಾಗಾದರೆ ಬೇಡವೇ? ಬೇಡ ಅಂತ ನಾನು ಹೇಳುತ್ತಿಲ್ಲ. ಮೊದಲು ಕಟ್ಟಡ ಬೇಡ ಅನ್ನುತ್ತೇನೆ. ಮೊದಲ ವರ್ಷ ಒಂದು ಇಟ್ಟಿಗೆಯನ್ನೂ ಇಡದೆ ಊರಲ್ಲಿ ಹೋಗಿ ಇದ್ದು ನೋಡಬೇಕು. ಬೇಸಿಗೆಯ ಬಿಸಿಲು, ಕರೆಂಟ್ ಹೋದ ರಾತ್ರಿ, ನೀರಿನ ಜಗಳ ಎಲ್ಲ ಒಂದು ಸುತ್ತು ಆಗಲಿ. ಊರಿಗೆ ನಮ್ಮಿಂದ ಏನು ಬೇಕು ಅಂತ ಕೇಳೋಣ. ಸಂಘದ ಹೆಣ್ಣುಮಕ್ಕಳಿಗೆ ಸಾಲದ ಅರ್ಜಿ, ಬೆಳೆವಿಮೆಯ ಕಾಗದ ತುಂಬಿಕೊಡುವುದು ನನಗೆ ಬರುತ್ತದೆ. ಮುಂದೆ ಅತಿಥಿಗಳು ಬಂದರೂ ಎರಡೇ ಕೋಣೆ ಸಾಕು. ನಿಂಬೆ ತೋಟ ತಮ್ಮನ ಕೈಯಲ್ಲೇ ಇರಲಿ, ಬಂದವರು ಅವನ ಜೊತೆ ಕಾಯಿ ಆರಿಸಲಿ. ಅವರಿಗೆ ಅದಕ್ಕಿಂತ ಒಳ್ಳೆಯ ಔಷಧ ನನಗಂತೂ ಗೊತ್ತಿಲ್ಲ.

ಕಸೂತಿಗೆ ಮಾತ್ರ ಮೂರು ವರ್ಷ ಕಾಯುವ ಅಗತ್ಯ ಏನಿದೆ? ಎಳೆ ಎಣಿಸಿ, ಗಂಟು ಹಾಕದೆ ಹಾಕುವ ಆ ಗವಂತಿ, ಮುರಗಿಗೆ ಬೇಕಾದದ್ದು ಒಳ್ಳೆಯ ಬೆಳಕು, ದಿನಕ್ಕೊಂದು ತಾಸು. ಎರಡೂ ನಮ್ಮ ಕೋಥರೂಡಿನ ಫ್ಲಾಟಿನಲ್ಲೇ ಇವೆ. ಇಲ್ಲಿ ದಿನಾ ಒಂದು ತಾಸು ಕೂಡಲಾರದವರು ಇಂಡಿಯಲ್ಲಿ ಕೂತಾರೆಯೇ? ನನ್ನ ಬರವಣಿಗೆಗೂ ಇದೇ ಮಾತು.

ನಿಮ್ಮಲ್ಲಿ ಯಾರಾದರೂ ನಗರ ಬಿಟ್ಟು ಊರಿಗೆ ಹೋಗಿ ವರ್ಷಗಟ್ಟಲೆ ನಿಂತವರಿದ್ದರೆ ದಯವಿಟ್ಟು ಬರೆಯಿರಿ. ಕಟ್ಟಿದ್ದೇನು ಅನ್ನುವುದಕ್ಕಿಂತ ಎರಡನೇ ವರ್ಷವೂ ಅಲ್ಲಿ ಹೇಗೆ ನಿಂತಿರಿ ಅನ್ನುವುದನ್ನು ಕೇಳುವ ಆಸೆ ನನಗೆ.