ಎಂದೂ ಮಲಗದ ಆಯಸ್ಕಾಂತ

ಮೇಜಿನ ಮೇಲೆ ಒಂದು ಗುಂಡುಸೂಜಿ ಇಟ್ಟು, ಆಯಸ್ಕಾಂತವೊಂದನ್ನು ನಿಧಾನವಾಗಿ ಅದರತ್ತ ಸರಿಸಿ ನೋಡಿ. ಬಹಳ ಹೊತ್ತು ಸೂಜಿ ಮಿಸುಕುವುದಿಲ್ಲ. ಒಂದು ಹಂತ ದಾಟಿದೊಡನೆ ಟಕ್ಕನೆ ಹಾರಿ ಅಂಟಿಕೊಳ್ಳುತ್ತದೆ. ಎಳೆತ ಸ್ವಲ್ಪ ಸ್ವಲ್ಪವಾಗಿ ಏರುವುದಿಲ್ಲ, ಹತ್ತಿರವಾದಂತೆ ಒಮ್ಮೆಗೇ ಏರುತ್ತದೆ. ಆಸ್ಪತ್ರೆಯ ಎಂ.ಆರ್.ಐ. ಕೋಣೆಯಲ್ಲಿ ನಡೆಯುವ ದುರಂತಗಳ ಮೂಲವೂ ಇದೇ. ಅಲ್ಲಿ ಗುಂಡುಸೂಜಿಯ ಬದಲು ಆಮ್ಲಜನಕದ ಸಿಲಿಂಡರ್ ಹಾರುತ್ತದೆ.

ಎಂ.ಆರ್.ಐ. ಯಂತ್ರದಲ್ಲಿ ಎಕ್ಸ್-ರೇ ಇಲ್ಲ. ನಮ್ಮ ದೇಹದ ನೀರಿನಲ್ಲಿರುವ ಹೈಡ್ರೋಜನ್ ಬೀಜಕಣಗಳು ಪುಟ್ಟ ಆಯಸ್ಕಾಂತಗಳಂತೆ ವರ್ತಿಸುತ್ತವೆ. ಬಲವಾದ ಕಾಂತಕ್ಷೇತ್ರದಲ್ಲಿ ಅವು ಒಂದು ದಿಕ್ಕಿಗೆ ವಾಲುತ್ತವೆ. ಆಗ ರೇಡಿಯೋ ತರಂಗ ಹಾಯಿಸಿದರೆ ಅವು ಮರುದನಿ ಕೊಡುತ್ತವೆ. ಕಂಪ್ಯೂಟರು ಅದನ್ನೇ ಚಿತ್ರವಾಗಿಸುತ್ತದೆ. ಈ ವಿದ್ಯೆಗೆ ಅಡಿಪಾಯ ಹಾಕಿದ ಪಾಲ್ ಲಾಟರ್ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆದರೆ ಹಾಗೆ ವಾಲುವ ಬೀಜಕಣಗಳಲ್ಲಿ ಲೆಕ್ಕಕ್ಕೆ ಸಿಗುವುದು ಹತ್ತು ಲಕ್ಷಕ್ಕೆ ಕೆಲವೇ ಕೆಲವು. ಅವುಗಳ ಕ್ಷೀಣ ದನಿ ಕೇಳಿಸಬೇಕಾದರೆ ಭಾರೀ ಆಯಸ್ಕಾಂತವೇ ಬೇಕು. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವುದು 1.5 ಟೆಸ್ಲಾ ಯಂತ್ರ. ಅದರ ಬಲ ಭೂಮಿಯ ಕಾಂತಕ್ಷೇತ್ರದ ಸುಮಾರು 30 ಸಾವಿರ ಪಟ್ಟು. 3 ಟೆಸ್ಲಾ ಯಂತ್ರದ್ದು ಅದರ ಇಮ್ಮಡಿ.

ಈ ಆಯಸ್ಕಾಂತಕ್ಕೆ ಫ್ಯಾನಿನಂತೆ ಸ್ವಿಚ್ ಇಲ್ಲ. ಇದರೊಳಗಿನ ತಂತಿಯ ಸುರುಳಿ ದ್ರವ ಹೀಲಿಯಂನಲ್ಲಿ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿರುತ್ತದೆ. ಅಷ್ಟು ತಣ್ಣಗಾದ ತಂತಿಯಲ್ಲಿ ವಿದ್ಯುತ್ತಿಗೆ ತಡೆಯೇ ಇಲ್ಲ. ಒಮ್ಮೆ ಹರಿಸಿದರೆ ಸುತ್ತುತ್ತಲೇ ಇರುತ್ತದೆ. ಹಾಗಾಗಿ ರೋಗಿ ಇರಲಿ ಬಿಡಲಿ, ಸದ್ದು ನಿಂತಿರಲಿ, ದೀಪ ಆರಿರಲಿ, ನಡುರಾತ್ರಿಯಲ್ಲೂ ಆಯಸ್ಕಾಂತ ಎಚ್ಚರವಾಗಿಯೇ ಇರುತ್ತದೆ. ಇದು ತಿಳಿಯದೇ ಜೀವಗಳು ಹೋಗಿವೆ.

2001ರ ಜುಲೈಯಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಸ್ಪತ್ರೆಯೊಂದರಲ್ಲಿ ಆರು ವರ್ಷದ ಬಾಲಕನಿಗೆ ಸ್ಕ್ಯಾನ್ ನಡೆಯುತ್ತಿತ್ತು. ಅವನಿಗೆ ಆಮ್ಲಜನಕ ಬೇಕಾಯಿತೆಂದು ಅವಸರದಲ್ಲಿ ಉಕ್ಕಿನ ಸಿಲಿಂಡರ್ ಒಳಗೆ ತರಲಾಯಿತು. ಅದು ಹಾರಿಹೋಗಿ ತಲೆಗೆ ಬಡಿದು ಮಗು ಸತ್ತಿತು. 2018ರ ಜನವರಿಯಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಬಂಧುವಿನ ಜೊತೆ ಬಂದಿದ್ದ 32 ವರ್ಷದ ಯುವಕ ಸಿಲಿಂಡರ್ ಹಿಡಿದು ಒಳಗೆ ಹೋದ. ಸಿಲಿಂಡರ್ ಸಮೇತ ಯಂತ್ರಕ್ಕೆ ಸೆಳೆಯಲ್ಪಟ್ಟು ಪ್ರಾಣ ಬಿಟ್ಟ. ಯಂತ್ರ ಆಫ್ ಆಗಿದೆ ಎಂದು ಸಿಬ್ಬಂದಿ ಹೇಳಿದ್ದರೆಂಬುದು ಬಂಧುಗಳ ದೂರು. 2025ರ ಜುಲೈಯಲ್ಲಿ, ಮತ್ತೆ ನ್ಯೂಯಾರ್ಕ್ ರಾಜ್ಯದಲ್ಲೇ, ಹೆಂಡತಿಯನ್ನು ಎಬ್ಬಿಸಲು ಒಳಹೋದ 61 ವರ್ಷದ ವ್ಯಕ್ತಿಯ ಕೊರಳಲ್ಲಿ ಸುಮಾರು ಒಂಬತ್ತು ಕಿಲೋ ತೂಕದ ವ್ಯಾಯಾಮದ ಸರಪಳಿ ಇತ್ತು. ಅದೇ ಅವರ ಪ್ರಾಣಕ್ಕೆ ಎರವಾಯಿತು.

ಮೂರೂ ಕಡೆ ಲೋಹ ಒಳಹೊಕ್ಕಿದ್ದು ಸಹಾಯಕ್ಕೆ ಹೋದವರ ಕೈಯಲ್ಲಿ ಅಥವಾ ಕೊರಳಲ್ಲಿ. ಕೊನೆಯ ಎರಡರಲ್ಲಿ ಸತ್ತವರು ರೋಗಿಗಳೇ ಅಲ್ಲ.

ಹಾಗಾದರೆ ತಕ್ಷಣ ನಿಲ್ಲಿಸುವ ದಾರಿಯೇ ಇಲ್ಲವೆ? ತುರ್ತು ಗುಂಡಿಯೊಂದಿದೆ. ಅದನ್ನೊತ್ತಿದರೆ ಹೀಲಿಯಂ ಕುದಿದು ಅನಿಲವಾಗಿ ಕೊಳವೆಯಲ್ಲಿ ಹೊರಹೋಗಿ ಕಾಂತ ಇಳಿಯುತ್ತದೆ. ಆದರೂ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಅಲ್ಲ. ಹಾರುವ ಸಿಲಿಂಡರಿಗೆ ಅಷ್ಟು ಹೊತ್ತು ಬೇಕಿಲ್ಲ. 2014ರಲ್ಲಿ ನವಿ ಮುಂಬಯಿಯಲ್ಲಿ ಸಿಲಿಂಡರ್ ಮತ್ತು ಯಂತ್ರದ ನಡುವೆ ಸಿಕ್ಕಿಕೊಂಡ ಇಬ್ಬರು ನೌಕರರು ಹೊರಬರಲು ಸುಮಾರು ನಾಲ್ಕು ಗಂಟೆ ಹಿಡಿಯಿತು.

ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಆಯಸ್ಕಾಂತಕ್ಕೆ ಒಲಿಯುವ ಲೋಹಗಳು. ಚಿನ್ನ, ಬೆಳ್ಳಿ, ತಾಮ್ರ, ಅಲ್ಯುಮಿನಿಯಂ ಹಾರುವುದಿಲ್ಲ. ಹಾಗಿದ್ದರೆ ಚಿನ್ನದ ತಾಳಿ, ಬೆಳ್ಳಿಯ ಕಾಲುಂಗುರ ಬಿಚ್ಚಿಡುವುದೇಕೆ ಎಂದು ಹೆಂಗಸರು ಕೇಳುವುದುಂಟು. ರೇಡಿಯೋ ತರಂಗಕ್ಕೆ ಲೋಹದ ಸರ, ಬಳೆ ಬಿಸಿಯೇರಿ ಚರ್ಮ ಸುಡಬಹುದು; ಚಿತ್ರವೂ ಕೆಡುತ್ತದೆ. ಬಳೆಗೆ ಸಿಕ್ಕಿಸಿದ ಸೇಫ್ಟಿ ಪಿನ್, ಮುಡಿಯ ಹೇರ್‌ಪಿನ್, ಉಡಿದಾರದ ತಾಯತ, ಬೀಗದ ಕೈ, ಬೆಲ್ಟು, ಮೊಬೈಲು ಎಲ್ಲವೂ ಹೊರಗೇ ಇರಬೇಕು.

ಬಿಚ್ಚಿಡಲಾಗದ ಲೋಹವೂ ಇದೆ. ಹೃದಯದ ಪೇಸ್‌ಮೇಕರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಮೂಳೆಗೆ ಕೂಡಿಸಿದ ಸರಳು, ಲೇತ್ ಅಥವಾ ವೆಲ್ಡಿಂಗ್ ಕೆಲಸದಲ್ಲಿ ಕಣ್ಣಿಗೆ ಸಿಡಿದ ಚೂರು. ಇವುಗಳಲ್ಲಿ ಕೆಲವು ನಿರಪಾಯ, ಕೆಲವು ಮಾರಕ. ಆ ತೀರ್ಮಾನ ವೈದ್ಯರದು. ಎಷ್ಟೇ ಹಳೆಯ ಆಪರೇಷನ್ ಆಗಿರಲಿ ಮುಚ್ಚಿಡದೆ ಹೇಳುವುದು ಮನೆಯವರ ಕರ್ತವ್ಯ. ಅಜ್ಜನಿಗೆ ಮರೆತದ್ದು ಮೊಮ್ಮಗನಿಗೆ ನೆನಪಿರಬಹುದು.

ಒಳಗಿನಿಂದ ರೋಗಿ ಕೂಗಿದರೂ ಸರಿ, ಸಿಬ್ಬಂದಿ ಪರೀಕ್ಷಿಸಿ ಕರೆಯುವವರೆಗೆ ಬಾಗಿಲ ಗೆರೆ ದಾಟಬಾರದು. ಅಲ್ಲಿ ಹೊರಗೆ ನಿಲ್ಲುವುದೂ ಒಂದು ಸಹಾಯವೇ.